ಜೆಮಿಮಮ್ಮನವರು ಹಾಕಿದ ಖಾಲಿ ಕುರ್ಚಿ

ಬೆಟಗೇರಿ,
ಇಸವಿ ೨೧೯೩, ಬಿಸಿಗಾಲದ ನಾಲ್ಕನೆಯ ತಿಂಗಳು, ತಾರೀಖು ೪೧

ನನ್ನ ಮುತ್ತಜ್ಜಿಯ ಅಜ್ಜಿಯಾದ ಜೆಮಿಮಮ್ಮನವರಿಗೆ ತಬಿತವ್ವ ಮಾಡುವ ವಂದನೆಗಳು.

ತಾರೀಖು ನೋಡಿ ಮುದುಕಿಗೆ ಅರಳುಮರಳು ಅಂದುಕೊಳ್ಳಬೇಡಿ. ಬಿಸಿಲು ವರ್ಷದ ಮುಕ್ಕಾಲು ಪಾಲು ನುಂಗಿದ ಮೇಲೆ ಸರಕಾರದವರು ತಿಂಗಳುಗಳನ್ನು ಬೇರೆ ಅಳತೆಯಲ್ಲಿ ಕತ್ತರಿಸಿದ್ದಾರೆ. ನಮ್ಮ ಬಿಸಿಗಾಲದ ತಿಂಗಳುಗಳು ಉದ್ದ. ಇಲ್ಲಿಯ ಕೆಲವು ಮಾತುಗಳು ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನನ್ನ ಸಿಟ್ಟಿಗೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ. ಕಾಲದಲ್ಲಿ ಹಿಂದಕ್ಕೆ ಹೋಗುವ ಈ ಕಾಗದ ಕೈಸೇರುವಾಗ ನಿಮಗೆ ಮೂವತ್ತು ದಾಟಿರಬೇಕು, ನನ್ನ ಮೊಮ್ಮಗಳ ಓರಗೆಯವರು. ನನಗೆ ಎಪ್ಪತ್ತು. ಆದರೂ ನೀವು ಹಿರಿಯರು, ಆದ್ದರಿಂದ ಬೈಯುವಾಗಲೂ ‘ನೀವು’ ಅಂತಲೇ ಬೈಯುತ್ತೇನೆ. ನಾನು ಓದಿದ್ದು ಹೈಸ್ಕೂಲಿನ ತನಕ. ಇಷ್ಟನ್ನು ಹೇಳುವುದಕ್ಕೆ ಅಷ್ಟು ಓದು ಸಾಕು.

ಈ ಕಾಗದ ತಲುಪುವ ಹೊತ್ತಿಗೆ ನಿಮ್ಮ ಮನೆಯ ಕೂಟ ಶುರುವಾಗಿ ಒಂದೆರಡು ವರ್ಷವಾಗಿರುತ್ತದೆ. ಗುರುವಾರ ಸಂಜೆ ಓಣಿಯ ನಾಲ್ಕಾರು ಮನೆಯವರು ನಿಮ್ಮ ಪಡಸಾಲೆಯಲ್ಲಿ ಸೇರುತ್ತೀರಿ, ಸತ್ಯವೇದ ಓದುತ್ತೀರಿ, ಒಬ್ಬರ ಕಷ್ಟ ಇನ್ನೊಬ್ಬರಿಗೆ ಹೇಳಿಕೊಳ್ಳುತ್ತೀರಿ, ಅವಲಕ್ಕಿ ಚಹಾ ಆಗುತ್ತದೆ. ಪ್ರತಿ ಸಲವೂ ನೀವು ಒಂದು ಕುರ್ಚಿ ಹೆಚ್ಚಿಗೆ ಹಾಕುತ್ತೀರಿ. ಸಭೆಗೆ ಹೊಸಬರು ಯಾರಾದರೂ ಬಂದರೆ ಬಾಗಿಲಲ್ಲಿ ತಡವರಿಸಬಾರದು, ಬಂದವರೇ ನೇರ ಬಂದು ಕೂರಬೇಕು, ಅದಕ್ಕೆ. ಒಳ್ಳೆಯ ಮನಸ್ಸಿನಿಂದಲೇ ಹಾಕಿದಿರಿ. ಆದರೆ ಅದು ಯಾರಿಗೆ ಅಂತ ಮಕ್ಕಳಿಗೆ ಬಾಯಿಬಿಟ್ಟು ಹೇಳಲಿಲ್ಲ. ಅಲ್ಲಿಂದ ನನ್ನ ಸಿಟ್ಟು ಶುರು.

ಏನಾಯಿತು ಕೇಳಿ. ಎಷ್ಟೋ ವಾರ ಯಾರೂ ಬರಲಿಲ್ಲ, ಕುರ್ಚಿ ಖಾಲಿ ಉಳಿಯಿತು. ಅದರಲ್ಲಿ ಕರ್ತನೇ ಕೂತಿರುತ್ತಾನೆ ಅಂತ ಒಬ್ಬರು ಚಂದವಾಗಿ ಪ್ರಾರ್ಥನೆ ಮಾಡಿದರು, ಎಲ್ಲರೂ ಕಣ್ಣು ಒರೆಸಿಕೊಂಡರು. ಮುಂದಿನ ತಲೆಮಾರಿನಲ್ಲಿ ಅದರ ಮೇಲೆ ಹತ್ತಿ ಕುಣಿದ ಮಗುವಿಗೆ ಏಟು ಬಿತ್ತು. ಆಮೇಲೆ ಯಾರೋ ಕ್ರೋಶಾ ಹೆಣಿಗೆಯ ಬಿಳೀ ಮುಸುಕು ಹಾಕಿದರು. ನನ್ನ ಕಾಲಕ್ಕೆ ಅದನ್ನು ಒರೆಸುವುದಕ್ಕೂ ಸ್ನಾನ ಮಾಡಿ ಬರಬೇಕಾಗಿತ್ತು.

ನಮ್ಮ ಬಾಳುವೆಯ ಬಗ್ಗೆಯೂ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಒಂದು ಕುರ್ಚಿಗೆ ಇಷ್ಟು ರಗಳೆ ಯಾಕೆ ಅನ್ನುತ್ತೀರಿ. ನಾವು ನೆಲದ ಕೆಳಗೆ ತೋಡಿದ ತಂಪುಕೋಣೆಗಳಲ್ಲಿ ಇರುತ್ತೇವೆ. ಬೆಳಿಗ್ಗೆ ಸೈರನ್ನಿನ ಎರಡನೆಯ ಕೂಗಿಗೆ ಹಗಲುಮುಚ್ಚು, ಅಂದರೆ ಸಂಜೆಯ ತನಕ ಯಾರೂ ಬಾಗಿಲು ತೆರೆಯುವಂತಿಲ್ಲ. ಮಗ್ಗಗಳೂ ಕೆಳಗೇ ನಡೆಯುತ್ತವೆ. ಸೀರೆ ಉಡುವವರು ಕಡಿಮೆ, ನೆರಳುಬಟ್ಟೆ ನೇಯುತ್ತೇವೆ. ಊಟಕ್ಕೆ ಸಜ್ಜೆ, ನವಣೆ, ಒಣಗಿಸಿದ ಸೊಪ್ಪು. ಕಲ್ಲಿನ ದೇವಾಲಯದ ಒಳಗೆ ಕೂತು ಆರಾಧನೆ ಮಾಡುವ ಕಾಲ ಮುಗಿಯಿತು; ಅದು ಒಲೆಯ ಹಾಗೆ ಕಾಯುತ್ತದೆ. ಹಾಗಾಗಿ ಈಗ ಸಭೆ ಅಂದರೆ ಮನೆಕೂಟಗಳೇ, ಬೇರೆ ಏನೂ ಇಲ್ಲ. ಕೋಣೆಗಳು ಸಣ್ಣವು, ಕುರ್ಚಿಗಳು ಇಂತಿಷ್ಟೇ. ಕುರ್ಚಿ ತಾಯಿಯಿಂದ ಮಗಳಿಗೆ, ಅಪ್ಪನಿಂದ ಮಗನಿಗೆ ಬರುತ್ತದೆ. ಹೆಣ್ಣು ನೋಡಲು ಬಂದವರು ಮೊದಲು ಕೇಳುವುದೇ ಯಾವ ಕೂಟದಲ್ಲಿ ಎಷ್ಟನೆಯ ಕುರ್ಚಿ ಅಂತ. ಕಾಯಿಲೆಯವರ ಪಕ್ಕ ಕೂರುವವರು, ಗಟ್ಟಿ ನೆಲದಲ್ಲಿ ಗುಂಡಿ ತೋಡಿ ಮಣ್ಣು ಮಾಡುವವರು, ಎಲ್ಲರೂ ಕೂಟದವರೇ. ಕೂಟ ಇಲ್ಲದವರು ಸತ್ತರೆ ಪುರಸಭೆಯವರು ಬಿಸಿಲುಗೂಡಿಗೆ ಹಾಕುತ್ತಾರೆ. ಅದು ಹೆಣ ಸುಡುವ ಗಾಜಿನ ಗೂಡು. ಅಲ್ಲಿ ಕೀರ್ತನೆಯೂ ಇಲ್ಲ, ಹೆಸರೂ ಇಲ್ಲ.

ಈ ಬಿಸಿಗಾಲದ ಮೊದಲಲ್ಲಿ ಬೆನಿಟಾ ಅನ್ನುವ ಹೆಂಗಸು ನಮ್ಮ ಮನೆಯ ಕೂಟಕ್ಕೆ ಬಂದಳು. ಕಡಲು ಊರು ತಿಂದಮೇಲೆ ಕರಾವಳಿಯಿಂದ ಘಟ್ಟ ಹತ್ತಿ ಬಂದವಳು. ಗಂಡ ಎಡ್ವಿನ್ ಹಾಸಿಗೆ ಹಿಡಿದಿದ್ದ. ಇನ್ನು ಬದುಕುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಗೂಡಿನಲ್ಲಿ ಹಾಕಬೇಡ, ಮಣ್ಣಿಗೆ ಕೊಡು ಅಂತ ಅವನು ಅವಳಿಂದ ಮಾತು ತೆಗೆದುಕೊಂಡಿದ್ದ. ಆ ಒಂದು ಮಾತು ಉಳಿಸಿಕೊಳ್ಳಲು ಅವಳು ಬೆಟಗೇರಿಯ ಒಂದೊಂದೇ ಕೂಟದ ಮೆಟ್ಟಿಲಿಳಿದು, ಜಾಗ ಇಲ್ಲ ಅನ್ನಿಸಿಕೊಂಡು, ಕೊನೆಗೆ ನಮ್ಮಲ್ಲಿಗೆ ಇಳಿದಿದ್ದಳು. ನಿಮ್ಮ ಕೂಟವನ್ನು ನೋಡಿ ಕಲಿತ ಆ ಎಲ್ಲ ಕೂಟಗಳಲ್ಲೂ ಮುಸುಕು ಹಾಕಿದ ಒಂದು ಕುರ್ಚಿ ಖಾಲಿಯೇ ಇತ್ತು.

ನಮ್ಮ ಕೂಟದ ಹಿರಿಯ ಸ್ತೆಫನಪ್ಪ, ನನ್ನ ಮೈದುನ. ಅವನು ಮೃದುವಾಗಿಯೇ, ಬೇರೆ ಕಡೆ ಕೇಳಿ ನೋಡಮ್ಮ ಅಂದ. ಅವಳು ಗೋಡೆಗೆ ಒತ್ತಿಕೊಂಡು ನಿಂತು ಹೇಳಿದಳು: “ನನಗೆ ಕೂರ್ಲಿಕ್ಕೆ ಬೇಡ. ನಿಲ್ತೇನೆ. ಅವರಿಗೆ ಒಂದು ಪ್ರಾರ್ಥನೆ, ಒಂದು ಗುಂಡಿ, ಅಷ್ಟೇ.”

“ನಿಂತವರು ಕೂಟದವರು ಆಗೂದಿಲ್ಲ ತಂಗಿ. ಕುರ್ಚಿ ಬೇಕು.”

ಇದನ್ನು ಅವನು ವೇದಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡು ಹೇಳಿದ. ನಾನು ಎದ್ದು ಆ ಮುಸುಕನ್ನು ಕಿತ್ತು ಮೂಲೆಗೆ ಎಸೆದೆ, ಅವಳ ರಟ್ಟೆ ಹಿಡಿದು ಅಲ್ಲಿ ಕೂರಿಸಿದೆ. ಸ್ತೆಫನಪ್ಪನ ಮುಖ ಕೆಂಪಾಯಿತು.

“ಅಷ್ಟು ಕನಿಕರ ಇದ್ರ ನಿಮ್ಮ ಕುರ್ಚಿ ಕೊಡ್ರಿ, ವೈನಿ. ಆ ಕುರ್ಚಿ ಕರ್ತನ್ದು.”

“ಕರ್ತ ಬಂದ್ರ ನನ್ನ ಕುರ್ಚಿ ಕೊಡ್ತೀನಿ. ಅಲ್ಲೀತನಕ ಆತನ ಕುರ್ಚ್ಯಾಗ ಆತನ ಮಂದಿ ಕುಂಡ್ರತಾರ. ನೀ ಓದು.”

ಅವನು ಓದಲಿಲ್ಲ. ಎದ್ದ. ಅವನ ಹಿಂದೆ ಹೆಚ್ಚುಕಡಿಮೆ ಎಲ್ಲರೂ ಎದ್ದರು. ಕುರ್ಚಿಗಳು ಅವರವರ ಆಸ್ತಿ ತಾನೆ, ತಲೆಯ ಮೇಲೆ ಹೊತ್ತುಕೊಂಡು ಮೆಟ್ಟಿಲು ಹತ್ತಿದರು. ಸ್ತೆಫನಪ್ಪನ ಕುರ್ಚಿಯ ಕಾಲು ತಿರುವಿನಲ್ಲಿ ಸಿಕ್ಕಿಕೊಂಡಿತು. ಅವನು ಎಳೆದಾಡುವುದನ್ನು ನೋಡಲಾರದೆ ಬೆನಿಟಾಳೇ ಹೋಗಿ ಬಿಡಿಸಿಕೊಟ್ಟಳು. ಅವನು ಅವಳ ಮುಖ ನೋಡಲಿಲ್ಲ. ಉಳಿದವರು ನಾನು, ನನ್ನ ಮೊಮ್ಮಗಳು, ಮಗ್ಗದ ಸಾಲಿನ ಇಬ್ಬರು ಅಕ್ಕತಂಗಿಯರು.

ಮುಂದಿನ ವಾರ ಎಡ್ವಿನ್ ತೀರಿಕೊಂಡ. ಅಷ್ಟರಲ್ಲಿ ಊರಿನ ಕೂಟಗಳ ಹಿರಿಯರೆಲ್ಲ ಸೇರಿ, ತಬಿತವ್ವನ ಮನೆಯಲ್ಲಿ ಈಗ ಕೂಟವೇ ಇಲ್ಲ ಅಂತ ತೀರ್ಮಾನ ಮಾಡಿಯಾಗಿತ್ತು. ನಿಮ್ಮ ಕಾಲದಿಂದ ನಡೆದ ಕೂಟ ಇದು. ಸ್ಮಶಾನದ ಗೇಟಿಗೆ ಬೀಗ ಹಾಕಿದರು. ನಾವು ತಂದ ಹೆಣ ಕಂಡು, ಗೇಟಿನ ಒಳಗೆ ನಿಂತು ಅವರು ಕೀರ್ತನೆ ಹಾಡಿದರು. ಹಾಡುವುದಕ್ಕೆ ನಾಚಿಕೆಯಾಗಲಿಲ್ಲ, ಬೀಗ ತೆಗೆಯುವುದಕ್ಕೆ ಕೈ ಬರಲಿಲ್ಲ. ಇಂಥ ಕ್ರೈಸ್ತರನ್ನು ಬೆಳೆಸಿದ್ದೀರಿ, ಜೆಮಿಮಮ್ಮನವರೇ.

ಪುರಸಭೆಯ ಗಾಡಿ ಗೂಡಿಗೆ ಒಯ್ಯಲು ನಿಂತಿತ್ತು. ಬೆನಿಟಾ ಅಳಲಿಲ್ಲ, ನನ್ನ ಮುಖವನ್ನೇ ನೋಡಿದಳು. ನಾನು ಹೆಣವನ್ನು ನಮ್ಮ ಮನೆಗೆ ತಿರುಗಿಸಿದೆ. ತಂಪುಕೋಣೆಯ ಹಾಸುಗಲ್ಲು ತೆಗೆದೆವು. ಅಷ್ಟು ಆಳದ ಮಣ್ಣು ತೇವವಾಗಿರುತ್ತದೆ, ಹೆಂಗಸರ ಕೈಗೂ ಬಗ್ಗುತ್ತದೆ. ಕೂಟದ ಕುರ್ಚಿಗಳು ನಿಲ್ಲುತ್ತಿದ್ದ ಜಾಗದಲ್ಲೇ ಗುಂಡಿ ತೋಡಿ ಅವನನ್ನು ಮಣ್ಣು ಮಾಡಿದೆವು. ವೇದ ನಾನು ಓದಿದೆ. ತಪ್ಪು ಅನ್ನುವವರು ಅನ್ನಲಿ.

ಈಗ ನನ್ನ ಕೋರಿಕೆ. ಕೋರಿಕೆ ಅಂದರೂ ಆಜ್ಞೆಯೇ ಅಂದುಕೊಳ್ಳಿ. ಬರುವ ಗುರುವಾರ ಆ ಕುರ್ಚಿ ಹಾಕಬೇಡಿ. ಯಾವ ಕುರ್ಚಿಯನ್ನೂ ಹಾಕಬೇಡಿ. ಮಂಡಿನೋವಿನವರು ಗೋಡೆಗೆ ಒರಗಲಿ. ಪಡಸಾಲೆಯ ತುಂಬ ಜಮಖಾನೆ ಹಾಸಿ. ಜಮಖಾನೆಯ ಮೇಲೆ ಎಷ್ಟು ಜನ ಅಂತ ಯಾರಿಗೂ ಹೇಳಲಾಗುವುದಿಲ್ಲ, ಒಬ್ಬರು ಬಂದರೆ ಎಲ್ಲರೂ ಸ್ವಲ್ಪ ಸರಿಯಬೇಕಾಗುತ್ತದೆ. ಆ ಸರಿಯುವುದನ್ನು ನಿಮ್ಮ ಮಕ್ಕಳಿಗೆ ಕಲಿಸಿ. ನಾವೂ ಈಗ ಅದನ್ನೇ ಹಾಸಿದ್ದೇವೆ. ಕುರ್ಚಿ ಇಲ್ಲದವರು ಇಷ್ಟು ಮಂದಿ ಈ ಊರಲ್ಲಿದ್ದಾರೆ ಅಂತ ನನಗೂ ಗೊತ್ತಿರಲಿಲ್ಲ. ಮೆಟ್ಟಿಲಿನ ತನಕ ಕೂರುತ್ತಾರೆ.

ಕೂಟ ಇಲ್ಲದವನು ಮಣ್ಣಿನಲ್ಲಿ ಇರಬಾರದು ಅಂತ, ಹೆಣ ಅಗೆದು ಗೂಡಿಗೆ ಒಯ್ಯಲು ನಾಳೆ ಸಂಜೆ ಸ್ತೆಫನಪ್ಪ ಪುರಸಭೆಯವರನ್ನು ಕರೆದುಕೊಂಡು ಬರುತ್ತಾನಂತೆ. ಬರಲಿ. ಜಮಖಾನೆ ಎಡ್ವಿನ್ ಮಲಗಿದ ಜಾಗದ ಮೇಲೇ ಇದೆ, ಅದರ ಮೇಲೆ ನಾವೆಲ್ಲ ಕೂತಿರುತ್ತೇವೆ. ಸ್ತೆಫನಪ್ಪನಿಗೂ ಜಾಗ ಬಿಟ್ಟಿರುತ್ತೇನೆ. ಅವನು ಕೂರುತ್ತಾನೋ, ನಮ್ಮನ್ನು ಒಬ್ಬೊಬ್ಬರಾಗಿ ಎಬ್ಬಿಸುತ್ತಾನೋ, ಅದನ್ನು ಅವನೇ ತೀರ್ಮಾನಿಸಲಿ.

ನಿಮ್ಮ ಮನೆತನದ,
ತಬಿತವ್ವ