ಕಿವಿಗೊಟ್ಟಂತೆ ನಟಿಸಬಲ್ಲ ಕಟ್ಟಡ ಸುರಕ್ಷತಾ ಅಧಿಕಾರಿಗಳಿಗೆ

ಮಾನ್ಯ ಅಧಿಕಾರಿಗಳೇ,

ನನ್ನ ಅಕ್ಕ ಗೋಡೆ ಕುಸಿದು ಸತ್ತಳೆಂದು ನಿಮ್ಮ ಕಚೇರಿಯ ವರದಿ ಹೇಳುತ್ತದೆ. ಅವಳು ನಿಮ್ಮ ಒಳ್ಳೆಯತನವನ್ನು ನಂಬಿ ಸತ್ತಳೆಂದು ನಾನು ಹೇಳುತ್ತೇನೆ. ಆ ಒಳ್ಳೆಯತನವನ್ನು ನಿಮಗೆ ಹೇಳಿಕೊಟ್ಟವಳೇ ನಾನಾದ್ದರಿಂದ ಈ ಪತ್ರದಲ್ಲಿ ಆರೋಪಿಗಳು ಇಬ್ಬರು.

ಎರಡು ವರ್ಷಗಳ ಹಿಂದೆ ಸರ್ಕಾರಕ್ಕೆ ಜ್ಞಾನೋದಯವಾಯಿತು: ರಂಗಕಲೆ ಕಲಿಸಿದರೆ ಅಧಿಕಾರಿಗಳು ಜನನಾಯಕರಾಗುತ್ತಾರೆ! ಮೂವತ್ತು ವರ್ಷ ನಾಟಕ ಕಲಿಸಿದ ನನ್ನನ್ನು ಕರೆದರು. ನಿಮ್ಮ ಸಭಾಂಗಣದ ಕುರ್ಚಿಗಳನ್ನು ಗೋಡೆಗೆ ಸರಿಸಿ ಉಸಿರು, ನಿಲುವು, ದನಿ ಎಲ್ಲವನ್ನೂ ತಿದ್ದಿದೆ. ಎದುರಿನವರು ಮಾತು ಮುಗಿಸಿದ ಮೇಲೆ ಮೂರೆಣಿಸುವಷ್ಟು ಹೊತ್ತು ಸುಮ್ಮನಿರಿ, ಅವರ ಕೊನೆಯ ಮಾತನ್ನೇ ಮೆಲ್ಲಗೆ ತಿರುಗಿ ಹೇಳಿ ಎಂದೆ. ಹನ್ನೆರಡು ಮಂದಿಯಲ್ಲಿ ನೀವೇ ಮೊದಲಿಗರು. ಬೀಗಿದೆ. ನನ್ನ ಹೆಮ್ಮೆಗೆ ಬೆಂಕಿ ಬೀಳಲಿ.

ಅಕ್ಕ ಹೊಲಿಗೆಯವಳು. ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿದ್ದಳು. ಮೆಟ್ಟಿಲ ಪಕ್ಕದ ಗೋಡೆಯ ಬಿರುಕಿನಲ್ಲಿ ಅವಳ ನಾಲ್ಕು ಬೆರಳೂ ತೂರುತ್ತಿದ್ದವು. ಅರ್ಜಿ ಹಿಡಿದು ನಿಮ್ಮಲ್ಲಿಗೆ ಬಂದಳು. ಅಂದು ಸಂಜೆ ನನ್ನ ಮನೆಗೆ ಬಂದಾಗ ಮುಖ ಅರಳಿತ್ತು.

"ಎಂಥ ದೊಡ್ಡ ಮನುಷ್ಯ ಕಣೇ! ಫೋನು ಮಗುಚಿಟ್ಟು ಪೂರ್ತಿ ಕೇಳಿಸ್ಕೊಂಡ್ರು. 'ಭಯ ಆಗತ್ತೆ ಸಾರ್' ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು 'ಭಯ ಆಗತ್ತೆ, ಅಲ್ವಾಮ್ಮ' ಅಂದ್ರು. ನಂಗೆ ಅಳುನೇ ಬಂತು."

ಅದು ನನ್ನ ಮೂರನೆಯ ದಿನದ ಪಾಠ.

"ಅಕ್ಕಾ, ಸದ್ಯ ನಮ್ಮನೇಲೇ ಇದ್ದುಬಿಡು" ಎಂದೆ.

"ಹೋಗೇ, ವಾರದೊಳಗೆ ಎಲ್ಲಾ ಸರಿಮಾಡಿಸ್ತೀನಿ ಅಂತ ಮಾತು ಕೊಟ್ಟಿದಾರೆ. ಹೊಲಿಗೆ ಬೇರೆ ರಾಶಿ ಬಿದ್ದಿದೆ."

ನಾನು ಒತ್ತಾಯ ಮಾಡಲಿಲ್ಲ. ನನ್ನ ಶಿಷ್ಯ ಒಂದುವೇಳೆ ನಿಜವಾಗಿಯೇ ಕೇಳಿಸಿಕೊಂಡಿರಬಹುದೆಂಬ ಆಸೆ.

ಐದು ವಾರ ಕಳೆದರೂ ಅರ್ಜಿ ನಿಮ್ಮ ಮೇಜಿನ ಖಾನೆ ದಾಟಲಿಲ್ಲ. ಆರನೆಯ ವಾರ, ಮಟಮಟ ಮಧ್ಯಾಹ್ನ, ಬಟ್ಟೆಗಂಟು ಹೊತ್ತು ಇಳಿಯುತ್ತಿದ್ದ ಅವಳ ಮೇಲೆ ಗೋಡೆ ಬಿತ್ತು.

ನಿಮಗಿಂತ ಹಿಂದೆ ಆ ಕುರ್ಚಿಯಲ್ಲಿದ್ದವರು ಬಂದವರ ಮೇಲೆಲ್ಲ ಹರಿಹಾಯುತ್ತಿದ್ದರು. "ಹೋಗ್ರೀ, ಕೋರ್ಟಿಗೆ ಹೋಗ್ರೀ!" ಜನ ಶಾಪ ಹಾಕುತ್ತ ಕೋರ್ಟಿಗೆ ಹೋಗುತ್ತಿದ್ದರು, ಇಲ್ಲವೇ ಮನೆ ಬಿಡುತ್ತಿದ್ದರು, ಅಂತೂ ಬದುಕಿಕೊಳ್ಳುತ್ತಿದ್ದರು. ಒರಟನನ್ನು ನಂಬಿ ಯಾರಾದರೂ ಕೆಟ್ಟದ್ದುಂಟೇ, ಸ್ವಾಮಿ?

ಸಂತಾಪ ಹೇಳಲು ಬಂದಿರಿ. ನನ್ನ ಕೈ ಹಿಡಿದು, ಕ್ಯಾಮೆರಾ ಇದ್ದ ಕಡೆಯ ಕಣ್ಣಿನಲ್ಲಿ ಅತ್ತಿರಿ. "ಅವಳ ಅರ್ಜಿ ಓದಿದ್ರಾ?" ಎಂದೆ. ಮೂರೆಣಿಸುವಷ್ಟು ಹೊತ್ತು ಸುಮ್ಮನಿದ್ದು, ಮೆಲ್ಲಗೆ "ಅರ್ಜಿ ಓದಿದ್ರಾ..." ಎಂದಿರಿ.

ಆ ಕಟ್ಟಡದ ಹಿಂಭಾಗದಲ್ಲಿ ಇನ್ನೂ ಒಂಬತ್ತು ಕುಟುಂಬಗಳಿವೆ. ಅವರಲ್ಲಿ ಮೂವರು ಮೊನ್ನೆ ನಿಮ್ಮನ್ನು ಕಂಡು ಸಮಾಧಾನದಿಂದ ಮರಳಿದರಂತೆ. ನಾಳೆಯೇ ತೆರವಿನ ಆದೇಶಕ್ಕೆ ಸಹಿ ಹಾಕಿ. ಅದು ನಿಮ್ಮಿಂದಾಗದಿದ್ದರೆ ಆ ಮೂವರನ್ನೂ ಕರೆಸಿ, ಬಾಯಿಗೆ ಬಂದಂತೆ ಬೈದು ಹೊರಗೆ ದಬ್ಬಿ. ಹೆದರಿಯಾದರೂ ಮನೆ ಬಿಟ್ಟಾರು.

ಇಂತಿ,
ನಿಮ್ಮ ಪ್ರಥಮ ದರ್ಜೆಯ ಪ್ರಮಾಣಪತ್ರಕ್ಕೆ ಕಣ್ಣುಮುಚ್ಚಿ ಸಹಿ ಹಾಕಿದ
ನಾಟಕದ ಟೀಚರ್