ಮೊದಲ ಬಾವಿಯ ಅಂಕಿ

ಫೆಬ್ರುವರಿ 30, 2437
ಮುರಡಿಹಟ್ಟಿ, ಕಪ್ಪತಗುಡ್ಡದ ತಪ್ಪಲು

ಬಾವಿಗಳ ಪುಟವನ್ನು ಬರೆದವರಿಗೆ,

ಈ ತಾರೀಖು ನಿಮಗೆ ತಪ್ಪೆನಿಸಬಹುದು. ನಮ್ಮ ಪಂಚಾಂಗದಲ್ಲಿ ಅದೂ ಒಂದು ದಿನ. ನಿಮ್ಮ ಕಾಲದ ಕನ್ನಡವನ್ನು ನಾನು ಓದಿ ಕಲಿತವಳು, ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಾನು ಪುಟಗಾರ್ತಿ. ನಿಮ್ಮವರು ಬಿಟ್ಟುಹೋದ ಜಾಲಪುಟಗಳನ್ನು ತೆರೆದು, ಅವು ಏನು ಹೇಳುತ್ತವೆಂದು ಊರಿನವರಿಗೆ ತಿಳಿಸುವುದು ನನ್ನ ಕೆಲಸ.

ನಮ್ಮದು ಮಂಜುಕೊಯ್ಲಿನ ಊರು, ಅಂದರೆ ಗುಡ್ಡದ ಮೇಲೆ ಬಲೆ ಕಟ್ಟಿ ಮಂಜನ್ನು ನೀರಾಗಿ ಇಳಿಸಿಕೊಳ್ಳುವವರು. ಎರಡು ವರ್ಷದಿಂದ ಮಂಜು ಕೈಕೊಟ್ಟಿದೆ. ಊರಲ್ಲಿ ಬಾವಿಯೊಂದಿದೆ, ಆದರೆ ಸುತ್ತಲಿನ ಬಾವಿಗಳ ನೀರು ಹೇಗಿದೆಯೆಂದು ಪಟ್ಟಿ ಮಾಡಿದ ನಿಮ್ಮ ಪುಟದಲ್ಲಿ ಅದರ ಸಾಲು ಕೆಂಪಗಿದ್ದು ‘ಕುಡಿಯಬಾರದು’ ಎಂದಿರುವುದರಿಂದ ತಲೆಮಾರುಗಳ ಹಿಂದೆಯೇ ಅದಕ್ಕೆ ಹಾಸುಗಲ್ಲು ಮುಚ್ಚಿದ್ದರು. ನಲವತ್ತೆರಡು ಮನೆಗಳೂ ಯುಗಾದಿಯೊಳಗೆ ಊರು ಬಿಡಬೇಕೆಂದು ನೀರುಮಂಡಳಿ ಹೇಳಿತು. ಸಾಮಾನು ಕಟ್ಟುವುದು ಶುರುವಾದ ವಾರ, ಬಲೆ ನೇಯುವ ಫಕೀರವ್ವ ನನ್ನ ಬಳಿ ಬಂದು ಕೂತಳು.

“ಆ ಪುಟದಾಗ ಮುನ್ನೂರ ಹನ್ನೆರಡು ಬಾವಿ ಅದಾವಂತಲ್ಲ ನೀಲಗಂಗಾ. ಅಷ್ಟ್ರಾಗ ಒಂದೂ ಚಲೋ ಇಲ್ಲೇನವಾ?”

ಎಷ್ಟೋ ಸಲ ಆ ಪುಟ ಓದಿದ್ದೆ, ಮೊದಲಿನಿಂದ ಕೊನೆಯವರೆಗೆ ಎಲ್ಲ ಸಾಲುಗಳೂ ಕೆಂಪಗಿದ್ದವು. ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಪುಟದ ಅಡಿಯಲ್ಲಿ ನೀವು ಬರೆದಿದ್ದ ಸ್ಕ್ರಿಪ್ಟನ್ನು, ಅಂದರೆ ಸಾಲುಗಳಿಗೆ ಬಣ್ಣ ಹಚ್ಚುವ ಆಜ್ಞೆಗಳನ್ನು, ಅಂದೇ ಬಿಚ್ಚಿ ನೋಡಿದೆ.

ಪುಟ ತೆರೆದೊಡನೆ ಅದು ಪಟ್ಟಿಯ ಸಾಲುಗಳನ್ನು ಒಂದೊಂದಾಗಿ ಹಾದುಹೋಗುತ್ತದೆ. ಓದುಗರ ಕಣ್ಣಿಗೆ ಬೀಳದಂತೆ ಪ್ರತಿ ಸಾಲಿನೊಳಗೂ ಆ ಬಾವಿಯ ಫ್ಲೋರೈಡ್ ಅಂಕಿ ಇದೆ. ಅದು ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ್ದರೆ ಸಾಲಿಗೆ ಕೆಂಪು ಬಣ್ಣ, ಪಕ್ಕದಲ್ಲಿ ಎಚ್ಚರಿಕೆಯ ಮಾತು. ಆದರೆ ಅಂಕಿ ಹುಡುಕುವ ಕಡೆ ನೀವು ‘ಈ ಸಾಲಿನಲ್ಲಿ’ ಎನ್ನುವ ಬದಲು ‘ಪುಟದಲ್ಲಿ’ ಎಂದು ಬರೆದಿದ್ದಿರಿ. ಇಡೀ ಪುಟದಲ್ಲಿ ಹುಡುಕಿದರೆ ಯಾವಾಗಲೂ ಮೊದಲು ಸಿಕ್ಕಿದ್ದೇ ಕೈಗೆ ಬರುತ್ತದೆ. ಹಾಗಾಗಿ ಸ್ಕ್ರಿಪ್ಟು ಮುನ್ನೂರ ಹನ್ನೆರಡು ಬಾಗಿಲಿಗೂ ಹೋಯಿತು, ಪ್ರತಿ ಬಾಗಿಲಲ್ಲೂ ಮೊದಲ ಬಾವಿಯ 4.2 ಅನ್ನೇ ಓದಿತು.

ಆ ಒಂದು ಪದ ತಿದ್ದಿದೆ. ತೊಂಬತ್ತೇಳು ಸಾಲು ಕೆಂಪಾದವು, ಉಳಿದವು ಆಗಲಿಲ್ಲ. ನಮ್ಮ ಬಾವಿಯ ಅಂಕಿ 0.6.

ನಾಲ್ಕು ಶತಮಾನದ ಹಿಂದಿನ ಅಂಕಿಯನ್ನು ನಂಬಿ ನೀರು ಕುಡಿಯಲಾಗದು. ಏಳು ಜನ ಸೇರಿ ಹಾಸುಗಲ್ಲು ಸರಿಸಿದರು, ಕೆಸರು ಎತ್ತಿದರು, ಮಂಡಳಿಯವರು ಬಂದು ನೀರನ್ನು ಮೂರು ಸಲ ಪರೀಕ್ಷಿಸಿದರು. ಕುಡಿಯಬಹುದು ಎಂದ ಮೇಲೆ ಫಕೀರವ್ವ ಮೊದಲ ಚರಿಗೆ ಎತ್ತಿ ಕುಡಿದು, ಪಕ್ಕಕ್ಕೆ ಸರಿಸಿದ್ದ ಹಾಸುಗಲ್ಲಿನ ಮೇಲೆ ಕೈಯಾಡಿಸಿದಳು.

“ಈ ಕಲ್ಲಿನ ಮ್ಯಾಲೆ ನಮ್ಮವ್ವ ಜ್ವಾಳ ಒಣಗಸ್ತಿದ್ಳು,” ಎಂದಳು.

ಮರುದಿನ ಊರಿನವರು ಕಟ್ಟಿದ ಗಂಟುಗಳನ್ನು ಬಿಚ್ಚತೊಡಗಿದರು. ಉಳಿದ ಊರುಗಳಿಗೂ ಸುದ್ದಿ ಕಳಿಸಿದ್ದೇವೆ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ಕುತೂಹಲವಿದೆ. ಸ್ಕ್ರಿಪ್ಟು ಬರೆದು ಮುಗಿಸಿದ ದಿನ ನೀವು ಮೊದಲ ಸಾಲನ್ನಷ್ಟೇ ನೋಡಿ ಎದ್ದಿರಾ? ಅದು ಸರಿಯಾಗಿಯೇ ಕೆಂಪಾಗಿತ್ತು, ಈಗಲೂ ಆ ಬಾವಿಯ ನೀರು ವಿಷವೇ. ಒಂದೇ ಕೋರಿಕೆ: ಇನ್ನೊಮ್ಮೆ ಇಂಥದ್ದನ್ನು ಬರೆದರೆ ಪಟ್ಟಿಯ ಕೊನೆಯವರೆಗೂ ಒಮ್ಮೆ ಇಳಿದು ನೋಡಿ. ನಾವು ಇದ್ದದ್ದು ಅಲ್ಲಿ.

ಇಂತಿ,
ನೀಲಗಂಗಾ ಮುದೇನೂರ