ಅಕ್ಕನ ಕೊನೇ ಟ್ರಿಪ್, ಎರಡು ಕ್ಯಾಮೆರಾ

೧೨ ನವೆಂಬರ್ ೨೦೨೫, ಬುಧವಾರ

ಗೆಳೆಯ ರಾಜೇಶನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಮೇಲಿನದಂತೂ ಇಳಿಯುವ ಹಾಗೇ ಕಾಣುವುದಿಲ್ಲ.

ಇವತ್ತು ಫಿಲ್ಮ್ ತೊಳೆದು ಬಂತು. ಇಪ್ಪತ್ತೊಂಬತ್ತು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಅಕ್ಕ ಕಳೆದ ತಿಂಗಳ ಕೊನೆಗೆ ನಿವೃತ್ತಳಾದಳು. ಅವಳ ಕೊನೆಯ ಟ್ರಿಪ್ಪಿನ ಫೋಟೋಗಳು. ರಾಜೇಶನ ಮೂವತ್ತಾರು ಫೋಟೋದ ರೋಲಿನಲ್ಲಿ ಒಂದೂ ಬಂದಿಲ್ಲ. ಅವನ ದುಬಾರಿ ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನೋಡುವುದು ಲೆನ್ಸಿನ ಮೂಲಕ ಅಲ್ಲ, ಪಕ್ಕದ ಕಿಂಡಿಯಿಂದ, ಲೆನ್ಸಿಗೆ ಮುಚ್ಚಳ ಹಾಕಿದ್ದರೂ ಗೊತ್ತಾಗುವುದಿಲ್ಲ. ಮಹಾಶಯ ಮುಚ್ಚಳ ತೆಗೆದೇ ಇರಲಿಲ್ಲ!

ಅವತ್ತು ನನ್ನ ಹತ್ತಿರವೂ ಕ್ಯಾಮೆರಾ ಇತ್ತಲ್ಲ. ನಜರ್‌ಬಾದಿನ ತಮ್ಮ ಸ್ಟುಡಿಯೋ ಮುಚ್ಚುವಾಗ ಗುರುಮಲ್ಲಪ್ಪನವರು ಅಗ್ಗಕ್ಕೆ ಕೊಟ್ಟ ಹಳೆಯ ಜಪಾನಿ ಕ್ಯಾಮೆರಾ. "ಆ ಡಬ್ಬ ಒಳಗಿಡೋ, ಅಡ್ಡ ಬರ್ಬೇಡ," ಎಂದ ರಾಜೇಶ. ನಾನೂ ಇಟ್ಟುಬಿಟ್ಟೆ. ಅದಕ್ಕೆ ಮುಂಚೆ ಅಕ್ಕನದು ತೆಗೆದದ್ದು ಒಂದೇ ಒಂದು, ಅದೂ ಪಕ್ಕಕ್ಕೆ ನಿಂತು.

ಆ ಒಂದು ಎಷ್ಟು ಚೆನ್ನಾಗಿ ಬಂದಿದೆ! ಹೆಗಲಿಗೆ ಚರ್ಮದ ಚೀಲ ಹಾಕಿಕೊಂಡು ಬಸ್ಸಿನ ಮೆಟ್ಟಿಲ ಮೇಲೆ ನಿಂತ ಅಕ್ಕ, ರಾಜೇಶನ ಕಡೆ ಬೆರಳು ತೋರಿಸಿ ಏನೋ ಹೇಳುತ್ತಿದ್ದಾಳೆ. ಸಂಜೆ ಅಶೋಕಪುರಂನ ಅವಳ ಮನೆಗೆ ಹೋಗಿ ತೋರಿಸಿದೆ. ಉಳಿದವು ಯಾಕೆ ಬರಲಿಲ್ಲ ಎಂದೂ ಹೇಳಿದೆ.

"ಅದನ್ನೇ ಹೇಳ್ತಿದ್ದೆ ಕಣೋ, ಮುಚ್ಚಳ ತೆಗೀರಪ್ಪ ಅಂತ," ಎಂದಳು. "ನೀವಿಬ್ರೂ 'ಮಾತಾಡ್ಬೇಡ, ಸುಮ್ನೆ ನಗು ಅಕ್ಕ' ಅಂದ್ಬುಟ್ರಿ. ನಕ್ಕೆ."

ಮೂವತ್ತಾರು ಸಲ ನಕ್ಕಿದ್ದಾಳೆ, ಮುಚ್ಚಳಕ್ಕೆ. ಸಾಕು, ಇನ್ನು ಬರೆಯಲಾರೆ.